ಚರ್ಮ ಗಡಸಾಗುವ ರೋಗ ಮತ್ತು ಡಾ. ವರ್ಜೀನಿಯಾ ಸ್ಟೀನ್ ಅವರ ಸಂಶೋಧನೆ

ಮಾಗಿಯ ಬೆಳಗಿನಲ್ಲಿ ತಣ್ಣೀರಿಗೆ ಕೈಯಿಟ್ಟೊಡನೆ ಕೆಲವರ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಸ್ವಲ್ಪ ಹೊತ್ತಿಗೆ ನೀಲಿಗಟ್ಟಿ, ಬಿಸಿ ತಾಗಿದ ಮೇಲೆ ಕೆಂಪೇರಿ ಜುಮುಗುಟ್ಟುತ್ತವೆ. ಮನೆಯವರು ಇದನ್ನು ಚಳಿಯ ದೋಷವೆಂದೋ ರಕ್ತಹೀನತೆಯೆಂದೋ ಬಗೆದು ಸುಮ್ಮನಾಗುವುದುಂಟು. ಬಹುಮಂದಿಯ ವಿಷಯದಲ್ಲಿ ಹಾಗೆ ಸುಮ್ಮನಿದ್ದರೂ ಹಾನಿಯಿಲ್ಲ. ಈ ಬಣ್ಣ ಬದಲಾವಣೆಯನ್ನು 1862ರಲ್ಲಿ ವಿವರಿಸಿದ ಫ್ರಾನ್ಸಿನ ವೈದ್ಯ ಮಾರಿಸ್ ರೇನೋ ಅವರ ಹೆಸರಿನಿಂದಲೇ ಇದನ್ನು ಇಂದಿಗೂ ಕರೆಯುತ್ತಾರೆ. ಆದರೆ ಬಿಳುಪಿನ ಜೊತೆಗೆ ಬೆರಳುಗಳು ಊದಿಕೊಂಡು, ಉಂಗುರ ಬಿಗಿಯಾಗಿ, ಚರ್ಮವು ಚಿವುಟಲೂ ಬಾರದಷ್ಟು ಗಡಸಾಗತೊಡಗಿದರೆ ಅದು ಬೇರೆಯದೇ ಕಾಯಿಲೆಯ ಮುನ್ಸೂಚನೆಯಾಗಿರಬಹುದು. ವೈದ್ಯರು ಅದನ್ನು ಸ್ಕ್ಲೀರೋಡರ್ಮಾ ಎನ್ನುತ್ತಾರೆ. ಒಳಗಿನ ಅಂಗಗಳಿಗೂ ಹಬ್ಬುವ ಅದರ ರೂಪಕ್ಕೆ ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂದು ಹೆಸರು.

ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಗಡಸು ಚರ್ಮವೆಂದೇ ಅರ್ಥ. ಇಟಲಿಯ ನೇಪಲ್ಸ್ ನಗರದ ಕಾರ್ಲೋ ಕುರ್ಜಿಯೋ ಎಂಬ ವೈದ್ಯರು ಮೈಚರ್ಮವೆಲ್ಲ ಬಿಗಿದುಹೋಗಿದ್ದ ಯುವತಿಯೊಬ್ಬಳ ಸ್ಥಿತಿಯನ್ನು 1753ರಷ್ಟು ಹಿಂದೆಯೇ ಬರೆದಿಟ್ಟಿದ್ದರು. ಆದರೆ ಚರ್ಮವನ್ನೇ ನೋಡಿ ಇಟ್ಟ ಈ ಹೆಸರು ರೋಗಿಯನ್ನೂ ಅವರ ಮನೆಯವರನ್ನೂ ದಾರಿ ತಪ್ಪಿಸುತ್ತದೆ. ಚರ್ಮ ಕಣ್ಣಿಗೆ ಕಾಣುವ ಭಾಗ ಮಾತ್ರ. ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ಇಲ್ಲಿ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುತ್ತದೆ. ಸಣ್ಣ ರಕ್ತನಾಳಗಳ ಒಳಗೋಡೆ ಗಾಯಗೊಂಡು ದಪ್ಪವಾಗುತ್ತದೆ. ಗಾಯ ಮಾಯಲು ಬಳಕೆಯಾಗುವ ಕೊಲಾಜನ್ ಎಂಬ ನಾರಿನಂಥ ಪದಾರ್ಥವು ಮಿತಿಯಿಲ್ಲದೆ ಉತ್ಪತ್ತಿಯಾಗಿ ಚರ್ಮ, ಅನ್ನನಾಳ, ಶ್ವಾಸಕೋಶ, ಹೃದಯಗಳಲ್ಲಿ ಶೇಖರಗೊಳ್ಳುತ್ತದೆ. ಸಂಧಿವಾತದ ಒಂದು ಬಗೆಯಾದ ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಬಾಯಿ ಮತ್ತು ಕಣ್ಣುಗಳನ್ನು ಒಣಗಿಸುವ ಶೋಗ್ರೆನ್ ರೋಗ, ಇವೆಲ್ಲ ಇದೇ ಕುಟುಂಬಕ್ಕೆ ಸೇರಿದವು. ಒಬ್ಬರಲ್ಲಿಯೇ ಎರಡು ಕಾಯಿಲೆಗಳು ಕೂಡಿ ಬರುವುದೂ ಉಂಟು. ಪುರುಷರಿಗಿಂತ ಸ್ತ್ರೀಯರಲ್ಲಿ ಇವು ಹೆಚ್ಚು. ಸಂಸಾರದ ಭಾರ ಹೊತ್ತಿರುವ ನಡುವಯಸ್ಸಿನಲ್ಲಿಯೇ ಸ್ಕ್ಲೀರೋಡರ್ಮಾ ಸಾಮಾನ್ಯವಾಗಿ ತಲೆದೋರುತ್ತದೆ. ಇದು ಸಾಂಕ್ರಾಮಿಕವಲ್ಲ. ಕುಷ್ಠವೆಂದು ತಪ್ಪು ತಿಳಿದು ರೋಗಿಯ ತಟ್ಟೆಲೋಟವನ್ನು ಬೇರೆಯಿಡುವುದು ಅನ್ಯಾಯ. ಕುಷ್ಠರೋಗಿಗೇ ಆದರೂ ಹಾಗೆ ಮಾಡುವ ಅಗತ್ಯವಿಲ್ಲವೆಂಬುದು ಬೇರೆ ಮಾತು.

1970ರ ದಶಕದಲ್ಲಿ ಈ ರೋಗಿಗಳನ್ನು ವೈದ್ಯರು ಅತಿ ಹೆಚ್ಚು ಹೆದರಿ ನೋಡುತ್ತಿದ್ದುದು ಮೂತ್ರಪಿಂಡದ ಕಾರಣದಿಂದ. ಅದುವರೆಗೆ ಸಾಧಾರಣವಾಗಿದ್ದ ರಕ್ತದೊತ್ತಡ ಕೆಲವೇ ದಿನಗಳಲ್ಲಿ ಗಗನಕ್ಕೇರುತ್ತಿತ್ತು. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಉಸಿರುಕಟ್ಟುವುದು, ಕೆಲವೊಮ್ಮೆ ಸೆಳವು. ಬಳಿಕ ಮೂತ್ರವೇ ನಿಂತುಹೋಗುತ್ತಿತ್ತು. ಮೂತ್ರಪಿಂಡದ ಈ ದಿಢೀರ್ ಆಪತ್ತಿಗೆ ಆಗ ದೊರೆಯುತ್ತಿದ್ದ ಒತ್ತಡದ ಗುಳಿಗೆಗಳು ಸಾಲುತ್ತಿರಲಿಲ್ಲ. ಒತ್ತಡವನ್ನು ಇಳಿಸಲು ಬೇರೆ ದಾರಿ ಕಾಣದೆ ಎರಡೂ ಮೂತ್ರಪಿಂಡಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿ ರೋಗಿಯನ್ನು ಡಯಾಲಿಸಿಸ್‌ಗೆ ಒಪ್ಪಿಸಿದ ಪ್ರಸಂಗಗಳೂ ಇದ್ದವು.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಡಾ. ಜೆರಾಲ್ಡ್ ರಾಡ್ನನ್ ಈ ರೋಗದ ಅಧ್ಯಯನಕ್ಕೆ ಭದ್ರವಾದ ಅಡಿಪಾಯ ಹಾಕಿದ್ದರು. ಚರ್ಮದ ಗಡಸುತನವನ್ನು ಬೆರಳುಗಳಿಂದ ಮುಟ್ಟಿ ಅಳೆಯುವ ಕ್ರಮಕ್ಕೆ ಇಂದಿಗೂ ಅವರ ಹೆಸರೇ ಇದೆ. ಅವರ ನಂತರದ ಪೀಳಿಗೆಯ ಡಾ. ಥಾಮಸ್ ಮೆಡ್ಸ್‌ಗರ್ ಮತ್ತು ಡಾ. ವರ್ಜೀನಿಯಾ ಸ್ಟೀನ್, ತಮ್ಮಲ್ಲಿಗೆ ಬಂದ ಪ್ರತಿಯೊಬ್ಬ ರೋಗಿಯ ವಿವರವನ್ನು ಒಂದೇ ಕ್ರಮದಲ್ಲಿ ದಾಖಲಿಸುತ್ತ, ವರ್ಷ ವರ್ಷವೂ ಅವರ ಸ್ಥಿತಿಗತಿಯನ್ನು ವಿಚಾರಿಸುತ್ತ ಹೋದರು. ಕೇಳಲು ಇದು ಲೆಕ್ಕಪತ್ರದ ಕೆಲಸದಂತೆ ತೋರುತ್ತದೆ. ಪ್ರಯೋಗಶಾಲೆಯ ಬೆರಗು ಇದರಲ್ಲಿಲ್ಲ. ಆದರೆ ಅಪರೂಪದ ರೋಗವೊಂದರ ವಿಷಯದಲ್ಲಿ ಒಬ್ಬ ವೈದ್ಯರ ನೆನಪನ್ನು ನಂಬಿ ಏನನ್ನೂ ಹೇಳಲಾಗದು. ನೂರಾರು ರೋಗಿಗಳ ಕಥೆ ಒಂದೆಡೆ ಕೂಡಿದಾಗ ಮಾತ್ರ ಯಾವುದು ಯಾವುದರ ಹಿಂದೆ ಬರುತ್ತದೆಂಬುದು ಗೋಚರಿಸುತ್ತದೆ.

ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಒಂದು ಔಷಧಿ ಬರುತ್ತಿತ್ತು, ಅದೂ ಹಾವಿನ ವಿಷದ ಜಾಡು ಹಿಡಿದು. ಬ್ರೆಜಿಲ್ ದೇಶದ ಜರರಾಕ ಎಂಬ ಮಂಡಲದ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ದೇಶದ ವಿಜ್ಞಾನಿ ಸೆರ್ಜಿಯೋ ಫೆರೇರಾ ಅದರ ವಿಷದಲ್ಲಿದ್ದ ಕಾರಣದ್ರವ್ಯವನ್ನು 1965ರಲ್ಲಿ ಪ್ರಕಟಪಡಿಸಿದರು. ಬಳಿಕ ಅದನ್ನು ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಶಾಲೆಗೆ ಒಯ್ದರು. ಆ ಸುಳಿವಿನಿಂದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ಬಾಯಿಯ ಮೂಲಕ ಸೇವಿಸಬಹುದಾದ ಕ್ಯಾಪ್ಟೋಪ್ರಿಲ್ ಎಂಬ ಗುಳಿಗೆಯನ್ನು ರೂಪಿಸಿದರು. ಈಗ ಒತ್ತಡಕ್ಕೂ ಹೃದಯಕ್ಕೂ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ಗುಳಿಗೆಗಳು ಇದರ ಬಂಧುಗಳೇ.

ಸ್ಕ್ಲೀರೋಡರ್ಮಾಕ್ಕೂ ಈ ಗುಳಿಗೆಗೂ ಏನು ಸಂಬಂಧ? ಮೂತ್ರಪಿಂಡದೊಳಗಿನ ಸಣ್ಣ ನಾಳಗಳು ಕಿರಿದಾದಾಗ ಅದಕ್ಕೆ ರಕ್ತ ಸಾಲದು. ದೇಹದ ಒತ್ತಡವೇ ಕಡಿಮೆಯಾಗಿದೆ ಎಂದು ಭ್ರಮಿಸಿದ ಮೂತ್ರಪಿಂಡವು ರೆನಿನ್ ಎಂಬ ಸ್ರಾವವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಮುಂದೆ ಆಂಜಿಯೋಟೆನ್ಸಿನ್ ಎಂಬ ಪದಾರ್ಥ ಉಂಟಾಗಿ ಮೈಯಲ್ಲಿನ ನಾಳಗಳನ್ನೆಲ್ಲ ಹಿಂಡುತ್ತದೆ. ಮೂತ್ರಪಿಂಡದ ನಾಳಗಳನ್ನೂ ಬಿಡುವುದಿಲ್ಲ. ರಕ್ತ ಇನ್ನೂ ಕಡಿಮೆಯಾಗುತ್ತದೆ, ರೆನಿನ್ ಇನ್ನೂ ಹೆಚ್ಚುತ್ತದೆ. ಗಾಣದೆತ್ತಿನಂತೆ ಸುತ್ತುವ ಈ ಚಕ್ರವನ್ನು ಕ್ಯಾಪ್ಟೋಪ್ರಿಲ್ ಆಂಜಿಯೋಟೆನ್ಸಿನ್ ಹುಟ್ಟುವ ಹಂತದಲ್ಲಿಯೇ ತಡೆಯುತ್ತದೆ. 1979ರಲ್ಲಿ ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ನೋಡಿದಾಗ ಒತ್ತಡ ಇಳಿದುದು ವರದಿಯಾಯಿತು.

ಬೆರಳೆಣಿಕೆಯ ರೋಗಿಗಳು ಭರವಸೆ ಕೊಡಬಲ್ಲರು, ಪ್ರಮಾಣವನ್ನಲ್ಲ. ಆ ಪ್ರಮಾಣವನ್ನು ಒದಗಿಸಿದ್ದು ಪಿಟ್ಸ್‌ಬರ್ಗಿನ ದಾಖಲೆ. ಈ ಆಪತ್ತಿಗೆ ಸಿಲುಕಿದ 108 ರೋಗಿಗಳ ವಿವರವನ್ನು ಡಾ. ಸ್ಟೀನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಈ ವರ್ಗದ ಔಷಧಿ ದೊರೆಯದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 15. ದೊರೆತವರಲ್ಲಿ ನೂರಕ್ಕೆ 76. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ ನಡೆಸಿದ ಪ್ರಯೋಗ ಇದಲ್ಲವೆಂದು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಂತರ ಇಷ್ಟು ದೊಡ್ಡದಾಗಿರುವಾಗ, ಪ್ರಯೋಗದ ಹೆಸರಿನಲ್ಲಿ ಅರ್ಧ ಜನರಿಗೆ ಔಷಧಿಯನ್ನು ನಿರಾಕರಿಸಲು ಯಾವ ವೈದ್ಯನ ಮನಸ್ಸು ಒಪ್ಪೀತು?

ಈ ಲೇಖಕನಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಕಲಿಸಿದ ತಾಳ್ಮೆ. ಗುಳಿಗೆ ಆರಂಭಿಸಿದ ಮೇಲೆಯೂ ಮೊದಲ ದಿನಗಳಲ್ಲಿ ಕ್ರಿಯಾಟಿನಿನ್ ಏರುತ್ತಲೇ ಹೋಗಬಹುದು. ಅದನ್ನು ಕಂಡು ಔಷಧಿಯೇ ಮೂತ್ರಪಿಂಡವನ್ನು ಕೆಡಿಸುತ್ತಿದೆಯೆಂದು ಅಂಜಿ ನಿಲ್ಲಿಸುವುದು ಸಹಜ. ನಿಲ್ಲಿಸಬಾರದು, ಡಯಾಲಿಸಿಸ್ ನಡೆಯುತ್ತಿದ್ದಾಗಲೂ ಮುಂದುವರಿಸಬೇಕು ಎಂದು ಸ್ಟೀನ್ ಮತ್ತು ಮೆಡ್ಸ್‌ಗರ್ ಒತ್ತಿ ಹೇಳಿದರು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹೀಗೆ ಚಿಕಿತ್ಸೆ ಪಡೆದ 145 ಜನರಿದ್ದರು. ಅವರಲ್ಲಿ ನೂರಕ್ಕೆ 61ರಷ್ಟು ಮಂದಿಗೆ ಡಯಾಲಿಸಿಸ್ ಬೇಕಾಗಲೇ ಇಲ್ಲ, ಇಲ್ಲವೆ ಕೆಲಕಾಲ ಮಾತ್ರ ಬೇಕಾಯಿತು. ಡಯಾಲಿಸಿಸ್‌ಗೆ ಒಳಗಾದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ತಿಂಗಳುಗಳ ಬಳಿಕ ಯಂತ್ರದಿಂದ ಬಿಡುಗಡೆ ಹೊಂದಿದರು. ಆದ್ದರಿಂದ ಈ ರೋಗಿಗಳಿಗೆ ಮೂತ್ರಪಿಂಡದ ಕಸಿಯನ್ನು ಅವಸರದಿಂದ ಮಾಡದೆ ಕಾದು ನೋಡುವ ರೂಢಿ ಬಂತು.

ಅದೇ ದಾಖಲೆಯಿಂದ ಹೊರಬಂದ ಇನ್ನೊಂದು ಸಂಗತಿಯನ್ನು ಭಕ್ತರ ಮನೆಗಳಲ್ಲಿ ಎಲ್ಲರೂ ತಿಳಿದಿರಬೇಕು. ಲೂಪಸ್ ಮುಂತಾದ ಸೋದರ ರೋಗಗಳಲ್ಲಿ ಪ್ರಾಣ ಉಳಿಸುವ ಸ್ಟೀರಾಯ್ಡ್ ಗುಳಿಗೆ, ಸ್ಕ್ಲೀರೋಡರ್ಮಾದಲ್ಲಿ ಮೂತ್ರಪಿಂಡದ ಆಪತ್ತನ್ನು ಕರೆತರಬಲ್ಲದು. ದಿನಕ್ಕೆ 15 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೋನ್ ಪಡೆದವರಲ್ಲಿ ಈ ಆಪತ್ತು ಹೆಚ್ಚಾಗಿ ಕಂಡುಬಂದುದನ್ನು 1998ರಲ್ಲಿ ಸ್ಟೀನ್ ಮತ್ತು ಮೆಡ್ಸ್‌ಗರ್ ತೋರಿಸಿದರು. ನಮ್ಮಲ್ಲಿ ಕೀಲುನೋವಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಗುಳಿಗೆಯಲ್ಲಿಯೂ, ನಾಟಿ ಪುಡಿಯೆಂದು ಕೊಡುವ ಪೊಟ್ಟಣದಲ್ಲಿಯೂ ಸ್ಟೀರಾಯ್ಡ್ ಅಡಗಿರುವುದುಂಟು. ನೋವು ಎರಡೇ ದಿನಕ್ಕೆ ಮಾಯವಾಯಿತೆಂದು ಹಿಗ್ಗುವ ಮುನ್ನ ಒಳಗೇನಿದೆಯೆಂದು ವಿಚಾರಿಸಬೇಕು. ಹಾಗೆಂದು ವೈದ್ಯರೇ ಬರೆದುಕೊಟ್ಟ ಸ್ಟೀರಾಯ್ಡನ್ನು ಈ ಲೇಖನ ಓದಿ ಒಮ್ಮೆಗೇ ನಿಲ್ಲಿಸಿಬಿಡುವುದೂ ಅಪಾಯವೇ; ಅದನ್ನು ಹಂತಹಂತವಾಗಿ ಇಳಿಸಬೇಕಾಗುತ್ತದೆ. ಆಪತ್ತು ಬಾರದಿರಲೆಂದು ಒತ್ತಡದ ಈ ಗುಳಿಗೆಯನ್ನು ಮೊದಲೇ ನುಂಗುತ್ತಿದ್ದರೆ ರಕ್ಷಣೆ ದೊರೆಯುವುದೂ ಇಲ್ಲ. ನಂತರದ ಅಧ್ಯಯನಗಳು ಅದನ್ನು ಬೆಂಬಲಿಸಿಲ್ಲ.

ಮುಂದೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದ ಡಾ. ಸ್ಟೀನ್, ತಾಯ್ತನದ ಪ್ರಶ್ನೆಯನ್ನೂ ಕೈಗೆತ್ತಿಕೊಂಡವರು. ಈ ರೋಗವಿದ್ದವಳು ಗರ್ಭ ಧರಿಸಲೇಬಾರದು, ಧರಿಸಿದರೆ ತೆಗೆಸಬೇಕು ಎಂಬ ಕಟ್ಟಪ್ಪಣೆ ಹಿಂದೆ ಸಾಮಾನ್ಯವಾಗಿತ್ತು. ಅವರು ಗರ್ಭಿಣಿಯರನ್ನು ಅನುಸರಿಸಿ ನೋಡಿದಾಗ, ಹೆರಿಗೆ ಅವಧಿಗೆ ಮುನ್ನವೇ ಆಗುವ ಸಂಭವ ಹೆಚ್ಚಿದ್ದರೂ ಬಹುಪಾಲು ತಾಯಂದಿರು ಮಗುವನ್ನು ಎತ್ತಿಕೊಂಡೇ ಮನೆಗೆ ಹೋಗಿದ್ದರು. ರೋಗ ಹೊಸದಾಗಿ ವೇಗವಾಗಿ ಹಬ್ಬುತ್ತಿರುವ ವರ್ಷಗಳಲ್ಲಿ ಗರ್ಭಧಾರಣೆಯನ್ನು ಮುಂದೂಡಬೇಕು, ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಸ್ಥಿತಿಯನ್ನು ಮೊದಲು ಪರೀಕ್ಷಿಸಬೇಕು, ಆಮೇಲೆ ವೈದ್ಯರ ಕಣ್ಣಳತೆಯಲ್ಲಿಯೇ ಇರಬೇಕು ಎಂಬುದು ಅವರ ತೀರ್ಮಾನ. ಇಂಥ ಸೊಸೆಯಂದಿರ ವಿಷಯದಲ್ಲಿ ನೆರೆಹೊರೆಯವರ ಮಾತಿಗೆ ಕಿವಿಗೊಡದೆ ಈ ಪರೀಕ್ಷೆಗಳನ್ನು ಮಾಡಿಸುವುದು ಅತ್ತೆ ಮಾವಂದಿರಿಗೆ ಭೂಷಣ.

2007ರಲ್ಲಿ ಸ್ಟೀನ್ ಮತ್ತು ಮೆಡ್ಸ್‌ಗರ್ ಮೂವತ್ತು ವರ್ಷಗಳ ಲೆಕ್ಕವನ್ನು ಮುಂದಿಟ್ಟರು. 1970ರ ದಶಕದಲ್ಲಿ ಈ ರೋಗದಿಂದಾದ ಸಾವುಗಳಲ್ಲಿ ನೂರಕ್ಕೆ 42 ಮೂತ್ರಪಿಂಡದ ಆಪತ್ತಿನಿಂದ ಆಗುತ್ತಿದ್ದವು. ಆ ಸಂಖ್ಯೆ 6ಕ್ಕೆ ಇಳಿದಿತ್ತು. ಸಂತೋಷಪಡಲು ಬಿಡದ ಇನ್ನೊಂದು ಸಾಲೂ ಅಲ್ಲಿತ್ತು. ಶ್ವಾಸಕೋಶ ನಾರುಗಟ್ಟಿ ಸಾಯುವವರ ಪಾಲು 6ರಿಂದ 33ಕ್ಕೆ ಏರಿತ್ತು. ಮೂತ್ರಪಿಂಡದ ಕೈಯಿಂದ ಪಾರಾಗಿ ಬದುಕುಳಿದವರನ್ನು ಶ್ವಾಸಕೋಶ ಕಾಡತೊಡಗಿತ್ತು. ಈಗ ಮೈಕೋಫೆನೊಲೇಟ್‌ನಂಥ ಔಷಧಿಗಳು ಅದರ ವೇಗವನ್ನು ತಗ್ಗಿಸುತ್ತವೆ, ಆದರೆ ಮೂತ್ರಪಿಂಡದಲ್ಲಿ ಕಂಡಂಥ ತಿರುವು ಶ್ವಾಸಕೋಶದಲ್ಲಿ ಇನ್ನೂ ಬಂದಿಲ್ಲ.

ಪುರುಷರಲ್ಲಿ ಈ ರೋಗ ಕಡಿಮೆಯೆಂದೆವು. ಅದಕ್ಕೊಂದು ಅಪವಾದವಿದೆ: ಕಲ್ಲಿನ ಧೂಳು. ಕಲ್ಲುಕುಟಿಗರಲ್ಲಿ ಸ್ಕ್ಲೀರೋಡರ್ಮಾ ಕಾಣಿಸುವುದನ್ನು ಎಡಿನ್‌ಬರೊದ ಬೈರಮ್ ಬ್ರಾಮ್‌ವೆಲ್ 1914ರಲ್ಲಿಯೇ ಗುರುತಿಸಿದ್ದರು. 1957ರಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಾರರಲ್ಲಿಯೂ ಅದನ್ನು ಕಂಡರು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಾಗಲಿ, ಕ್ರಷರುಗಳಲ್ಲಾಗಲಿ ದುಡಿಯುವವರ ಬೆರಳು ಚಳಿಗೆ ಬಿಳುಚಿಕೊಂಡು ಚರ್ಮ ಬಿಗಿದರೆ, ಕೆಲಸದ ಸ್ವರೂಪವನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಕಲ್ಲನ್ನು ನೀರು ಹಾಯಿಸಿ ಕೊರೆಯುವುದರಿಂದ ಧೂಳು ಬಹುಮಟ್ಟಿಗೆ ತಗ್ಗುತ್ತದೆ.

ರೋಗ ಖಚಿತವಾಗಿರುವವರ ಮನೆಯಲ್ಲಿ ಬೆಳಗಿನ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಬಿಸಿನೀರಿರಲಿ. ಬೀಡಿ ಸಿಗರೇಟು ಬೇಡವೇ ಬೇಡ. ಚರ್ಮ ವೇಗವಾಗಿ ಗಡಸಾಗುತ್ತಿರುವ ಮೊದಲ ನಾಲ್ಕೈದು ವರ್ಷಗಳಲ್ಲಿಯೇ ಮೂತ್ರಪಿಂಡದ ಆಪತ್ತು ಹೆಚ್ಚಾಗಿ ಎರಗುವುದರಿಂದ, ಆ ಅವಧಿಯಲ್ಲಿ ರಕ್ತದೊತ್ತಡ ಅಳೆಯುವ ಉಪಕರಣವೊಂದು ಮನೆಯಲ್ಲಿಯೇ ಇರುವುದು ಲೇಸು. ವಾರಕ್ಕೆ ಎರಡು ಮೂರು ಬಾರಿ ನೋಡಬೇಕು. ಎಂದಿನದಕ್ಕಿಂತ ಮೇಲಿನ ಅಂಕಿ 30ರಷ್ಟೋ ಕೆಳಗಿನದು 20ರಷ್ಟೋ ಏರಿದ್ದರೆ, ತಲೆನೋವಿಲ್ಲವೆಂದು ಕಾಯದೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದಲ್ಲಿಯೇ ಬರೆದಿಡಿ. ವೈದ್ಯರ ಬಳಿಗೆ ಹೋಗುವಾಗ ಆ ಕ್ಯಾಲೆಂಡರನ್ನೇ ಸುತ್ತಿಕೊಂಡು ಒಯ್ಯಿರಿ.