ಸಿಕ್ಲಿಡ್ ಮೀನುಗಳ ನೆರೆಹೊರೆ

ಮುಂಬಯಿಯ ಚಿಕ್ಕ ಮನೆಗಳಲ್ಲಿ ಹಸುವನ್ನಾಗಲಿ ನಾಯಿಯನ್ನಾಗಲಿ ಸಾಕಲು ಸ್ಥಳ ಸಾಲದು. ಗೋಡೆಯ ಬದಿಯಲ್ಲೊಂದು ಗಾಜಿನ ತೊಟ್ಟಿಯಿರಿಸಿ ಮೀನು ಸಾಕುವುದು ಸಾಧ್ಯ. 1951ರಲ್ಲಿ ಮರೀನ್ ಡ್ರೈವಿನಲ್ಲಿ ಆರಂಭವಾದ ತಾರಾಪೋರ್‌ವಾಲಾ ಮತ್ಸ್ಯಾಲಯವು ದಶಕಗಳ ಕಾಲ ನಗರದ ಮಕ್ಕಳಿಗೆ ಜಲಚರಗಳ ಲೋಕವನ್ನು ಪರಿಚಯಿಸಿತು. ಆದರೆ ಅಂಗಡಿಯಲ್ಲಿ ಚೆಂದ ಕಂಡ ಮೀನುಗಳನ್ನೆಲ್ಲ ತಂದು ಒಂದೇ ತೊಟ್ಟಿಯಲ್ಲಿ ಬಿಡುವುದು ವಿವೇಕವಲ್ಲ. ಸಿಕ್ಲಿಡ್ ಕುಲದ ಮೀನುಗಳ ವಿಷಯದಲ್ಲಂತೂ ಈ ಎಚ್ಚರ ಅತ್ಯಗತ್ಯ.

ಸಿಕ್ಲಿಡ್ ಕುಲದಲ್ಲಿ 1,700ಕ್ಕೂ ಹೆಚ್ಚು ಜಾತಿಗಳಿವೆ. ಮೊಟ್ಟೆಮರಿಗಳನ್ನು ಅಕ್ಕರೆಯಿಂದ ಕಾಯುವುದು ಇವುಗಳ ವಿಶೇಷ ಗುಣ. ಅವುಗಳ ಜಗಳಕ್ಕೂ ಬಹುಮಟ್ಟಿಗೆ ಇದೇ ಕಾರಣ. ಮರಿ ಮಾಡುವ ಕಾಲಕ್ಕೆ ಒಂದಿಷ್ಟು ಜಾಗವನ್ನು ತಮ್ಮದಾಗಿಸಿಕೊಂಡು, ಹತ್ತಿರ ಬಂದವರನ್ನು ಓಡಿಸುತ್ತವೆ. ಹೊಳೆಯಲ್ಲಿ ಸೋತ ಮೀನು ದೂರ ಹೋಗಬಹುದು. ತೊಟ್ಟಿಯಲ್ಲಿ ಅದು ಎಲ್ಲಿಗೆ ಹೋದೀತು?

ಆದುದರಿಂದ ಸಹವಾಸಿಗಳನ್ನು ಆರಿಸುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ನೀರು. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸಾದ ಕ್ಷಾರೀಯ ನೀರು ಬೇಕು. ಅಮೆಜಾನ್ ಪ್ರದೇಶದ ಡಿಸ್ಕಸ್‌ಗೆ ಮೃದುವಾದ, ತುಸು ಆಮ್ಲೀಯವಾದ ನೀರು ಬೇಕು. ಇವೆರಡನ್ನು ಒಟ್ಟಿಗೆ ಇಡಲಾಗದು. ಎರಡನೆಯದು ಗಾತ್ರ. ಏಂಜೆಲ್ ಮೀನೂ ನಿಯಾನ್ ಟೆಟ್ರಾವೂ ಅಮೆಜಾನ್ ಸೀಮೆಯವೇ. ಆದರೂ ಬೆಳೆದ ಏಂಜೆಲ್, ಪುಟ್ಟ ಟೆಟ್ರಾವನ್ನು ನುಂಗಿಬಿಡುತ್ತದೆ. ಅಂಗಡಿಯಲ್ಲಿ ಬೆರಳುದ್ದವಿರುವ ಆಸ್ಕರ್ ಮೀನು ಮುಂದೆ ಒಂದಡಿಯಷ್ಟು ಬೆಳೆಯುತ್ತದೆ. ಇಂದಿನ ಗಾತ್ರವನ್ನಲ್ಲ, ಬೆಳೆದ ಮೇಲಿನ ಗಾತ್ರವನ್ನು ವಿಚಾರಿಸಬೇಕು. ಮೂರನೆಯದು ಎಡೆ. ಕಲ್ಲು, ಮಡಕೆಯ ಚೂರು, ಗಿಡಗಳಿಂದ ಅಡಗುದಾಣಗಳನ್ನು ಮಾಡಬೇಕು. ಹೊಸ ಮೀನನ್ನು ಬಿಡುವಾಗ ಕಲ್ಲುಗಳ ಸ್ಥಾನವನ್ನು ಬದಲಿಸಿದರೆ ಹಳೆಯವುಗಳ ಒಡೆತನ ಸಡಿಲಾಗುತ್ತದೆ. ಜಗಳಗಂಟ ಜಾತಿಯನ್ನು ಕೊನೆಗೆ ಬಿಡುವುದು ಲೇಸು.

ನಮ್ಮ ದೇಶಕ್ಕೂ ಸ್ವಂತ ಸಿಕ್ಲಿಡ್‌ಗಳಿವೆ. ಅವು ಮೂರೇ ಜಾತಿ. ಕೇರಳದವರು ಕರಿಮೀನು ಎನ್ನುವುದು ದೊಡ್ಡ ಜಾತಿ. ಅದು ಅಳಿವೆಯ ಚೌಳು ನೀರಿಗೆ ಒಗ್ಗಿದ್ದು. ಎರಡನೆಯದು ಮೂರಂಗುಲದ ಕಿತ್ತಳೆ ಬಣ್ಣದ ಮೀನು. ಅದು ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕಿತ್ತು ತಿಂದು ಉಪಕಾರ ಮಾಡುತ್ತದೆ. ಸಮಯ ಸಿಕ್ಕಿದರೆ ಅದರ ಮೊಟ್ಟೆಗಳನ್ನೂ ತಿನ್ನುತ್ತದೆ! ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ ಈ ಮೀನಿನ ಹೆಸರಿನಲ್ಲೇ ನಮ್ಮ ಕೆನರಾ ಇದೆ. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳ ಸಿಹಿನೀರು ಅದರ ತವರು. ಮೂರಡಿ ಉದ್ದದ ತೊಟ್ಟಿಯಲ್ಲಿ ಸಮಗಾತ್ರದ, ಚುರುಕಾದ ಬಾರ್ಬ್ ಮೀನುಗಳು ಅದಕ್ಕೆ ತಕ್ಕ ನೆರೆಯವರು. ಆದರೆ ಅದು ಅಳಿವಿನ ಭೀತಿಯಲ್ಲಿರುವ ಜಾತಿ. ಹೊಳೆಯಿಂದ ಹಿಡಿದು ತಂದುದನ್ನು ಕೊಳ್ಳದೆ, ತೊಟ್ಟಿಯಲ್ಲೇ ಹುಟ್ಟಿ ಬೆಳೆದುದನ್ನು ಮಾತ್ರ ಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಅಗಲವಾದ ಪಾತ್ರೆಯಲ್ಲಿಟ್ಟು ಬಳಿಕ ಬಳಸಿರಿ. ಮೀನುಗಳಲ್ಲಿ ಹೊಂದಾಣಿಕೆಯಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿರಿ. ಪೊವಾಯಿ ಕೆರೆಗೆ ಬಿಡಬೇಡಿರಿ. 1952ರಲ್ಲಿ ಆಫ್ರಿಕ ಮೂಲದ ತಿಲಾಪಿಯಾ ಎಂಬ ಸಿಕ್ಲಿಡ್ ನಮ್ಮ ದೇಶಕ್ಕೆ ಬಂದು, ಅನೇಕ ಕೆರೆ ಹೊಳೆಗಳಲ್ಲಿ ಹಬ್ಬಿ, ನಾಡಿನ ಮೀನುಗಳಿಗೆ ಕಂಟಕವಾಗಿದೆ. ಮೀನಿನ ಸ್ವಭಾವವನ್ನು ಅರಿತು ತರುವವನೇ ನಿಜವಾದ ಮೀನು ಸಾಕಣೆಗಾರನು.