ವಿರಕ್ತಮಠದಲ್ಲಿ ತಪಸ್ಸುಕಾಲ

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿರುವ ಕ್ರೈಸ್ತ ದೇವಾಲಯದ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತಮಠ. ಇಲ್ಲಿನ ಯೇಸುಸಭೆಯ ಗುರುಗಳು ಕಾವಿ ಉಟ್ಟರು, ಮಾಂಸ ಬಿಟ್ಟರು. ಅವರಲ್ಲೊಬ್ಬರಾದ ಮೆನಿನೊ ಗೊನ್ಸಾಲ್ವಿಸ್ ಊರವರ ಬಾಯಲ್ಲಿ ಮೆನಿನೊ ಸ್ವಾಮಿಗಳಾದರು.

ಈ ಅರುಳಪ್ಪನವರು ಯಾರೆಂದರೆ ಮರುಭೂಮಿಯಲ್ಲಿ ಮಿಡತೆ, ಕಾಡುಜೇನು ತಿಂದು ಬದುಕಿದ ಯೊವಾನ್ನರು. ಅವರಿಂದ ಸ್ನಾನದೀಕ್ಷೆ ಪಡೆದ ಯೇಸು ನೇರ ಬೆಂಗಾಡಿಗೆ ನಡೆದು 40 ದಿನ ಉಪವಾಸವಿದ್ದರು. ಈಸ್ಟರ್‌ಗೆ ಮುಂಚಿನ ಉಪವಾಸದ ಅವಧಿಯಾದ ತಪಸ್ಸುಕಾಲದ ಮೂಲ ಅಲ್ಲಿದೆ.

ಆದರೆ ಆಚರಣೆ ಒಮ್ಮೆಲೇ 40 ದಿನಕ್ಕೆ ಬೆಳೆದದ್ದಲ್ಲ. 2ನೆಯ ಶತಮಾನದಲ್ಲಿ ಈಸ್ಟರ್‌ಗೆ ಮುಂಚೆ ಕೆಲವರು ಒಂದು ದಿನ, ಕೆಲವರು ಎರಡು ದಿನ ಉಪವಾಸವಿರುತ್ತಿದ್ದರೆಂದು ಆ ಕಾಲದ ಬಿಷಪ್ ಐರೇನಿಯಸ್ ಬರೆದಿದ್ದಾರೆ. 325ರ ನೈಸಿಯಾ ಸಭೆಯ ಹೊತ್ತಿಗೆ 40 ದಿನಗಳ ಮಾತು ಬಂದಿತ್ತು. ಈಸ್ಟರ್ ರಾತ್ರಿ ದೀಕ್ಷೆ ಪಡೆಯಲಿರುವವರ ಸಿದ್ಧತೆ, ಘೋರ ಪಾಪ ಮಾಡಿದವರ ಬಹಿರಂಗ ಪ್ರಾಯಶ್ಚಿತ್ತ ಎರಡೂ ಇದರೊಳಗೆ ಸೇರಿಕೊಂಡವು. ಪ್ರಾಯಶ್ಚಿತ್ತದವರಿಗಷ್ಟೇ ಇದ್ದ ಬೂದಿ 1091ರ ಬೆನೆವೆಂಟೊ ಸಭೆಯ ನಂತರ ಎಲ್ಲರ ತಲೆಗೂ ಬಂತು. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಉಪವಾಸವಿದ್ದಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂಬ ಯೇಸುವಿನ ಬೋಧೆಯನ್ನು ಓದುವುದೂ ಬೂದಿ ಹಚ್ಚುವ ಅದೇ ಮೊದಲ ದಿನ, ವಿಭೂತಿ ಬುಧವಾರದಂದು! ನನಗಂತೂ ಈ ವಿರೋಧವೇ ಹಿಡಿಸುತ್ತದೆ. ಬೂದಿ ಹಚ್ಚಿಕೊಂಡವನಿಗೆ ಬೀಗದಂತೆ ಅಲ್ಲೇ ಎಚ್ಚರಿಕೆ.

ಬೂದಿಯೂ ಒಪ್ಪತ್ತೂ ಈ ಸೀಮೆಗೆ ಹೊಸವಲ್ಲ. ಮಹಾಶಿವರಾತ್ರಿಯ ಉಪವಾಸ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುತ್ತದೆ. ಇಂದಿನ ಕಥೋಲಿಕ ನಿಯಮದಂತೆ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಪೂರ್ತಿ ಊಟ ಒಂದೇ ಹೊತ್ತು, ಮಾಂಸವಿಲ್ಲ. ಭಾನುವಾರಗಳು ಪುನರುತ್ಥಾನದ ದಿನಗಳಾದ್ದರಿಂದ ಲೆಕ್ಕಕ್ಕಿಲ್ಲ. ಹಾಗಾಗಿ 46 ದಿನಗಳ ಅವಧಿ 40 ಎನಿಸಿಕೊಳ್ಳುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ವರ್ಷವಿಡೀ ಮಾಂಸ ಮುಟ್ಟದ ಕಾವಿಧಾರಿ ತಪಸ್ಸುಕಾಲದಲ್ಲಿ ಬಿಡುವುದೇನನ್ನು? ರೋಮಿನ ಉಳ್ಳವರಿಗೆ ತ್ಯಾಗವಾಗಿದ್ದದ್ದು ಮಠದಲ್ಲಿ ನಿತ್ಯದ ಊಟ. ತಟ್ಟೆಯಲ್ಲಿ ಬಿಡಲು ಏನೂ ಉಳಿಯದಾಗ ಭಾರವೆಲ್ಲ ಪ್ರಾರ್ಥನೆ ಮತ್ತು ದಾನದ ಮೇಲೆ ಬೀಳುತ್ತದೆ. ತಪಸ್ಸುಕಾಲದ ತಿರುಳೂ ಅಲ್ಲೇ ಇದೆಯೆಂದು ನನ್ನ ಎಣಿಕೆ. 5ನೆಯ ಶತಮಾನದ ಪೋಪ್ ಮಹಾ ಲಿಯೋ ಕೂಡ ಹಾಗೆಯೇ ಬೋಧಿಸಿದ್ದರು: ಉಪವಾಸದಿಂದ ಉಳಿದದ್ದು ಬಡವರ ಹೊಟ್ಟೆ ಸೇರಬೇಕು. ಕಥೋಲಿಕ ಸಭೆಯ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸಿ, ದೇಶದ ಕಥೋಲಿಕ ಧರ್ಮಕೇಂದ್ರಗಳಲ್ಲಿ ಕಾಣಿಕೆ ಸಂಗ್ರಹಿಸುತ್ತದೆ.