ಕರ್ನಲ್ ಕೇಳುವ ಪ್ರಶ್ನೆ: ನಿಮ್ಮ ಪ್ರೊಸೆಸರ್ ಯಾವುದು?

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ಪ್ರೋಗ್ರಾಮ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವುದೇ ಕರ್ನಲ್. ಲಿನಕ್ಸ್‌ನ ಮೂಲ ಪ್ರೋಗ್ರಾಮ್ ಎಲ್ಲರಿಗೂ ಮುಕ್ತವಾಗಿರುವುದರಿಂದ ವಿದ್ಯಾರ್ಥಿಗಳೂ ಅದನ್ನು ತಮ್ಮ ಯಂತ್ರಕ್ಕೆ ಒಪ್ಪುವಂತೆ ಸಿದ್ಧಪಡಿಸಿಕೊಳ್ಳಬಹುದು. 'ಮೇಕ್ ಮೆನುಕಾನ್ಫಿಗ್' ಎಂಬ ಆದೇಶ ಕೊಟ್ಟರೆ ಆಯ್ಕೆಗಳ ದೊಡ್ಡ ಪಟ್ಟಿಯೇ ತೆರೆಯುತ್ತದೆ. ಹಳೆಯ 32 ಬಿಟ್ ಪಿಸಿಗೆ ಜೀವ ಕೊಡಲು ಹೊರಟವರು ಅದರಲ್ಲಿ ಎಚ್ಚರದಿಂದ ಉತ್ತರಿಸಬೇಕಾದದ್ದು, ಪ್ರೊಸೆಸರ್ ಯಾವ ಕುಟುಂಬದ್ದು ಎಂಬ ಪ್ರಶ್ನೆಗೆ.

ಏಕೆ? ಇಂಟೆಲ್‌ನ 386ಕ್ಕೆ ಅರ್ಥವಾಗದ ಕೆಲವು ಸೂಚನೆಗಳು 1989ರ 486ರಲ್ಲಿ ಸೇರಿದವು. 1995ರ ಪೆಂಟಿಯಂ ಪ್ರೊ ಇನ್ನೂ ಕೆಲವನ್ನು ತಂದಿತು. 'ಸಿಮೂವ್' ಅವುಗಳಲ್ಲೊಂದು: ಷರತ್ತು ನಿಜವಾದರೆ ಮಾತ್ರ ಒಂದು ಸಂಖ್ಯೆಯನ್ನು ನಕಲು ಮಾಡುತ್ತದೆ. ಪಟ್ಟಿಯಲ್ಲಿ ಪೆಂಟಿಯಂ ಪ್ರೊ ಆರಿಸಿದರೆ ಕಂಪೈಲರ್ ಇದನ್ನು ಧಾರಾಳವಾಗಿ ಬಳಸಬಹುದು. ಅದೇ ಕರ್ನಲ್ಲನ್ನು 486ಕ್ಕೆ ಹಾಕಿದರೆ ಯಂತ್ರ ಏಳುವುದೇ ಇಲ್ಲ! ಹಳೆಯ ಕುಟುಂಬವನ್ನು ಆರಿಸಿದರೆ ಹೊಸ ಪ್ರೊಸೆಸರಿನಲ್ಲೂ ಸಾಮಾನ್ಯವಾಗಿ ಓಡುತ್ತದೆ. ವೇಗ ತುಸು ಕಡಿಮೆಯಾದೀತು, ಅಷ್ಟೆ. ಹೊಸದನ್ನೇ ಆರಿಸುವ ಉತ್ಸಾಹ ಇಲ್ಲಿ ಬೇಡ.

486 ಎಸ್ಎಕ್ಸ್‌ನಲ್ಲಿ ದಶಮಾಂಶ ಲೆಕ್ಕದ ಘಟಕವಿರಲಿಲ್ಲ. ಅದಕ್ಕೆ ಗಣಿತ ಅನುಕರಣೆಯ ಆಯ್ಕೆಯನ್ನೂ ಸೇರಿಸಬೇಕಾಗಿತ್ತು.

ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದು 386 ಯಂತ್ರದ ಮೇಲೆ. ಆದರೂ 2013ರ 3.8ನೆಯ ಆವೃತ್ತಿ ಆ ಪ್ರೊಸೆಸರನ್ನೇ ಕೈಬಿಟ್ಟಿತು. ಅದೊಂದಕ್ಕಾಗಿ ಉಳಿಸಿಕೊಂಡಿದ್ದ ವಿಶೇಷ ಭಾಗಗಳು ತೊಡಕಾಗಿದ್ದವು. ಆದ್ದರಿಂದ ಬಹಳ ಹಳೆಯ ಪಿಸಿಗೆ ಹಳೆಯ ಆವೃತ್ತಿಯೇ ಬೇಕು.

ಯಂತ್ರದಲ್ಲಿ ಈಗಾಗಲೇ ಲಿನಕ್ಸ್ ಇದ್ದರೆ 'ಪ್ರೊಕ್' ಡೈರೆಕ್ಟರಿಯ 'ಸಿಪಿಯುಇನ್ಫೋ' ಕಡತವನ್ನು ತೆರೆದು ನೋಡಿ. ಪ್ರೊಸೆಸರಿನ ಹೆಸರು, ಸಾಮರ್ಥ್ಯಗಳು ಅಲ್ಲಿರುತ್ತವೆ. ಹೊಸ ಕರ್ನಲ್ ಹಾಕುವಾಗ ಹಳೆಯದನ್ನು ಅಳಿಸದೆ ಆರಂಭದ ಪಟ್ಟಿಯಲ್ಲಿ ಉಳಿಸಿಕೊಳ್ಳಿ.